ಗಾಳಿಗೊಂದು ಗೆರೆ

ಗೋಳದಣ್ಣನ ಕೆಲಸದ ಕೋಣೆಯಲ್ಲಿ ಭೂಮಿಗಳು ತಂತಿಗೆ ನೇತುಬಿದ್ದು ಒಣಗುತ್ತಿದ್ದವು. ಶಾಲೆಗಳಿಗೆ ಭೂಗೋಳದ ಚೆಂಡು ಮಾಡಿಕೊಡುವುದು ಅವನ ಕಸುಬು. ಹಳೆಯ ಕಾಗದವನ್ನು ಅಂಟಿನಲ್ಲಿ ಅದ್ದಿ ಅಚ್ಚಿನ ಮೇಲೆ ಪದರ ಪದರವಾಗಿ ಹಚ್ಚಿ ಎರಡು ಬಟ್ಟಲು ಮಾಡಬೇಕು. ಬಟ್ಟಲುಗಳನ್ನು ಬಾಯಿಗೆ ಬಾಯಿ ಕೂಡಿಸಿ ಚೆಂಡು ಮಾಡಬೇಕು. ಮೇಲೆ ತೆಳ್ಳಗೆ ಸುಣ್ಣ ಬಳಿದು ಉಜ್ಜಿ, ನಕ್ಷೆ ಅಚ್ಚಾದ ಹನ್ನೆರಡು ಸೀಳು ಕಾಗದಗಳನ್ನು ಒದ್ದೆ ಮಾಡಿ ಒಂದರ ಪಕ್ಕಕ್ಕೊಂದು ಅಂಟಿಸಬೇಕು. ಸೀಳಿಗೆ ಸೀಳು ಕೂದಲೆಳೆಯಷ್ಟು ತಪ್ಪಿದರೂ ಯಾವುದೋ ನದಿ ಸಮುದ್ರ ಸೇರುವ ಮೊದಲೇ ನಿಂತುಹೋಗುತ್ತದೆ. ಐವತ್ತೆರಡು ವರ್ಷದಲ್ಲಿ ಅವನ ಕೈಯಲ್ಲಿ ಹಾಗೆ ನಿಂತ ನದಿಗಳು ಮೂರೋ ನಾಲ್ಕೋ ಇದ್ದಾವು. ಆ ದಿನಗಳಲ್ಲಿ ಅವನಿಗೆ ಅನ್ನ ಸೇರುತ್ತಿರಲಿಲ್ಲ.

ಅವನಿಗೆ ಒಬ್ಬಳೇ ತಂಗಿ. ಹನ್ನೆರಡು ವರ್ಷ ಚಿಕ್ಕವಳು. ತಂದೆ ತಾಯಿ ಒಂದೇ ವರ್ಷದಲ್ಲಿ ಹೋದಾಗ ಅವಳಿಗೆ ಆರು ವರ್ಷ. ಆಮೇಲೆ ಸಾಕಿದವರು ಅಣ್ಣ ಅತ್ತಿಗೆಯರೇ. ಅಣ್ಣ ಕೆಲಸ ಮಾಡುವಾಗ ಅವಳು ಮೇಜಿನ ಕೆಳಗೆ ಕೂತು, ಕತ್ತರಿಸಿ ಬಿದ್ದ ಕಾಗದದ ಚೂರುಗಳನ್ನು ಆರಿಸುತ್ತಿದ್ದಳು. ದೇಶಗಳ ಹೆಸರನ್ನು ಅವಳು ಓದಲು ಕಲಿತದ್ದು ಕಸದಿಂದ. ದೊಡ್ಡವಳಾಗಿ ಗಾಳಿಯ ವಿದ್ಯೆ ಓದಿ, ದೂರದ ಪಶ್ಚಿಮದ ಊರೊಂದರಲ್ಲಿ ಹವಾಮಾನ ಕೇಂದ್ರ ಸೇರಿದಳು. ದಿನಕ್ಕೆ ಎರಡು ಸಲ ಅಲ್ಲಿ ದೊಡ್ಡದೊಂದು ಬಲೂನಿಗೆ ಸಣ್ಣ ಪೆಟ್ಟಿಗೆ ಕಟ್ಟಿ ಮೇಲಕ್ಕೆ ಬಿಡುತ್ತಾರೆ. ಯಾವ ಎತ್ತರದಲ್ಲಿ ಗಾಳಿ ಯಾವ ಕಡೆಗೆ ಎಷ್ಟು ಜೋರು ಬೀಸುತ್ತಿದೆ ಎಂಬುದು ಆ ಪೆಟ್ಟಿಗೆಯಿಂದ ತಿಳಿಯುತ್ತದೆ. ಹತ್ತಾರು ಊರುಗಳ ಬಲೂನುಗಳು ಹೇಳಿದ್ದನ್ನು ಕೂಡಿಸಿ ಒಂದು ನಕ್ಷೆಯ ಮೇಲೆ ಗಾಳಿಯ ಗೆರೆ ಎಳೆಯುವುದು ಅವಳ ಕೆಲಸ. ವಿಮಾನದವರು ಆ ಗೆರೆ ನೋಡಿಕೊಂಡು ದಾರಿ ಹಿಡಿಯುತ್ತಾರೆ. ಅವಳು ಮದುವೆ ಬೇಡವೆಂದಳು. ಅಣ್ಣ ಎರಡು ವರ್ಷ ಹೇಳಿ ನೋಡಿ, ಮೂರನೆಯ ವರ್ಷ ಬಿಟ್ಟುಬಿಟ್ಟ.

ವರ್ಷಕ್ಕೆ ಎರಡು ಸಲ ಬರುತ್ತಿದ್ದಳು. ಬಂದವಳು ಕಾಲು ತೊಳೆಯುವ ಮೊದಲೇ ಜಗಳ ತೆಗೆಯುತ್ತಿದ್ದಳು.

"ಅಣ್ಣಾ, ನಿನ್ನ ಹತ್ರ ಬರೋಕೆ ನಾಲ್ಕು ಗಂಟೆ, ವಾಪಸ್ ಹೋಗೋಕೆ ಐದೂಕಾಲು. ಯಾಕೆ ಹೇಳು ನೋಡೋಣ?"

ಗೋಳದಣ್ಣ ಹತ್ತಿರದ ಒಂದು ಭೂಮಿಯನ್ನು ತಿರುಗಿಸಿ ತೋರಿಸುತ್ತಿದ್ದ. "ಭೂಮಿ ಪೂರ್ವಕ್ಕೆ ತಿರುಗುತ್ತೆ. ನೀನು ಆಕಾಶದಲ್ಲಿ ಪಶ್ಚಿಮಕ್ಕೆ ಹೊರಟರೆ ನಿನ್ನೂರು ತಾನಾಗಿ ಎದುರಿಗೆ ಬರಬೇಕು. ಹೋಗೋದೇ ಬೇಗ ಆಗಬೇಕು. ನಿಮ್ಮ ವಿಮಾನದವರು ಎಲ್ಲೋ ಸುತ್ತಾಡಿಸ್ತಿದಾರೆ."

"ಅತ್ತಿಗೆ, ಕೇಳಿದ್ರಾ? ವಿಮಾನ ನಡೆಸೋರಿಗೆ ದಾರಿ ಗೊತ್ತಿಲ್ಲವಂತೆ."

"ನಿಮ್ಮಣ್ಣನಿಗೆ ತರಕಾರಿ ಅಂಗಡಿ ದಾರಿನೇ ಗೊತ್ತಿಲ್ಲ. ಭೂಮಿ ವಿಷಯ ಮಾತ್ರ ಬಾಯಿಪಾಠ," ಎಂದು ಒಳಗಿನಿಂದ ಉತ್ತರ ಬರುತ್ತಿತ್ತು.

"ಓಡೋ ಬಸ್ಸಲ್ಲಿ ನಿಂತಲ್ಲೇ ಎಗರಿದ್ರೆ ಹಿಂದಿನ ಸೀಟಿನವರ ಮಡಿಲಲ್ಲಿ ಬೀಳ್ತೀಯೇನಣ್ಣಾ? ಬಸ್ಸಿನ ಜೊತೆ ನೀನೂ ಓಡ್ತಿರ್ತೀಯ. ಹಾಗೇ ಭೂಮಿ ಜೊತೆ ಗಾಳಿನೂ ತಿರುಗುತ್ತೆ, ವಿಮಾನವೂ ತಿರುಗುತ್ತೆ. ಅದರಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ. ಕಾರಣ ಬೇರೆ. ಹತ್ತು ಹನ್ನೊಂದು ಕಿಲೋಮೀಟರ್ ಮೇಲೆ ಗಾಳಿಯ ಹೊಳೆ ಒಂದಿದೆ, ಪಶ್ಚಿಮದಿಂದ ಪೂರ್ವಕ್ಕೆ. ಭೂಮಿಯ ನಡುವಿನ ಬಿಸಿಗಾಳಿ ತಣ್ಣನೆಯ ಧ್ರುವದ ಕಡೆ ಹೊರಡುತ್ತೆ. ತಿರುಗೋ ಭೂಮಿ ಅದನ್ನ ಪೂರ್ವಕ್ಕೆ ಹೊರಳಿಸುತ್ತೆ."

"ನೋಡಿದ್ಯಾ! ಕೊನೆಗೆ ತಿರುಗೋ ಭೂಮಿನೇ ಬಂತಲ್ಲ!"

"ಬಂತು ಮಾರಾಯ. ಬಾಗಿಲಿಂದ ಅಲ್ಲ, ಹಿತ್ತಿಲಿಂದ ಬಂತು. ಆ ಹೊಳೆ ನನ್ನನ್ನ ನಿನ್ನ ಕಡೆಗೆ ತಳ್ಳಿಕೊಂಡು ಬರುತ್ತೆ. ಹೋಗುವಾಗ ಬೇಡ ಬೇಡ ಅಂತ ತಡೆಯುತ್ತೆ."

ಅಣ್ಣನಿಗೆ ಅದು ಅರ್ಥವಾಗುತ್ತಿತ್ತು. ಒಪ್ಪಿಕೊಂಡರೆ ಮುಂದಿನ ಸಲ ಜಗಳಕ್ಕೆ ಏನು ಉಳಿಯುತ್ತದೆ ಎಂದು ಒಪ್ಪುತ್ತಿರಲಿಲ್ಲ, ಅಷ್ಟೆ.

ಆದರೆ ಕೊನೆಯ ಸಲ ಬಂದಾಗ ಅವಳು ಆಟಕ್ಕೆ ಕೇಳಲಿಲ್ಲ. ಕೇಂದ್ರದಲ್ಲಿ ಶಾಲೆಯ ಮಕ್ಕಳಿಗೆಂದು ಒಂದು ಕೋಣೆ ಮಾಡುತ್ತಿದ್ದರು. ಅಲ್ಲಿಡಲು ಒಂದು ಭೂಮಿ ಬೇಕು, ಅದರ ಮೇಲೆ ಗಾಳಿಯ ಹೊಳೆಯನ್ನು ಕೆಂಪಗೆ ಬರೆದುಕೊಡು ಎಂದಳು. ಗೋಳದಣ್ಣ ಆಗುವುದಿಲ್ಲವೆಂದ. ಗಾಳಿ ಈವತ್ತು ಇಲ್ಲಿರುತ್ತದೆ, ನಾಳೆ ಅಲ್ಲಿರುತ್ತದೆ. ನಿಲ್ಲದ್ದನ್ನು ಭೂಮಿಗೆ ಅಂಟಿಸಿದರೆ ಅದು ಸುಳ್ಳಾಗುತ್ತದೆ ಎಂದ.

"ನದಿ ನಿಲ್ಲುತ್ತಾ ಅಣ್ಣಾ? ನದಿ ಬರೀತೀಯಲ್ಲ?"

ಸಿಕ್ಕಿಬಿದ್ದ ಸಿಟ್ಟಿಗೆ ಅವನು, "ಬಲೂನು ಊದೋರ ಮಾತು ಕೇಳಿಕೊಂಡು ನಾನು ಭೂಮಿ ಕೆಡಿಸಲ್ಲ," ಎಂದುಬಿಟ್ಟ.

ಅವಳು ನಕ್ಕಳು. "ಸರಿ ಬಿಡಣ್ಣ," ಎಂದಳು. ಮತ್ತೆ ಆ ಮಾತೆತ್ತಲಿಲ್ಲ. ಹೊರಡುವಾಗ ಎಂದಿನಂತೆ ಕಾಲಿಗೆ ನಮಸ್ಕಾರ ಮಾಡಿದಳು, ಎಂದಿನಂತೆ ಅವನು ತಲೆ ಮುಟ್ಟಿದ. ಎಂಟು ತಿಂಗಳ ನಂತರ ಒಂದು ಬೆಳಿಗ್ಗೆ, ಕೇಂದ್ರದ ಮೆಟ್ಟಿಲ ಮೇಲೆ ಎದೆ ಹಿಡಿದು ಕೂತವಳು ಏಳಲಿಲ್ಲ.

ಅವಳನ್ನು ಊರಿಗೆ ತಂದರು. ತಂದ ವಿಮಾನ ಹೇಳಿದ ಹೊತ್ತಿಗಿಂತ ನಲವತ್ತು ನಿಮಿಷ ಮೊದಲೇ ಬಂದಿತ್ತು. ಇಲ್ಲಿ ಯಾರೂ ಸಿದ್ಧವಾಗಿರಲಿಲ್ಲ. ಗೋಳದಣ್ಣ ವಿಮಾನ ನಿಲ್ದಾಣ ಮುಟ್ಟುವ ಹೊತ್ತಿಗೆ ಅವಳಿದ್ದ ಪೆಟ್ಟಿಗೆಯನ್ನು ಸರಕು ಇಳಿಸುವ ಶೆಡ್ಡಿನ ನೆರಳಲ್ಲಿ ಒಂದು ತಳ್ಳುಗಾಡಿಯ ಮೇಲೆ ಇಟ್ಟಿದ್ದರು. ಪಕ್ಕದಲ್ಲಿ ಯಾರೂ ಇರಲಿಲ್ಲ. "ಮೇಲೆ ಗಾಳಿ ಜೋರಿತ್ತು ಯಜಮಾನರೇ, ಅದಕ್ಕೇ ಬೇಗ ಬಂತು," ಎಂದು ಶೆಡ್ಡಿನ ಗುಮಾಸ್ತ ವಿವರಿಸಿದ. ಗೋಳದಣ್ಣ ಅವನಿಗೆ ಕೈಮುಗಿದ. ಯಾಕೆ ಮುಗಿದನೋ ಅವನಿಗೇ ಗೊತ್ತಾಗಲಿಲ್ಲ.

ಕರ್ಮಗಳೆಲ್ಲ ಮುಗಿದ ಮೇಲೆ ಎರಡು ತಿಂಗಳು ಅವನು ಕೆಲಸದ ಕೋಣೆಗೆ ಹೋಗಲಿಲ್ಲ. ದೇವರ ಮುಂದೆ ಕೂತರೆ ಒಂದೇ ಮಾತು ಬಾಯಿಗೆ ಬರುತ್ತಿತ್ತು: ಕೇಳಿದ್ದು ಒಂದೇ, ಅದನ್ನೂ ಕೊಡಲಿಲ್ಲ. ಒಂದು ದಿನ ಪೂಜೆಯಿಂದ ಅರ್ಧಕ್ಕೇ ಎದ್ದು ಹೋಗಿ ಹೊಸ ಕಾಗದ ನೆನೆಹಾಕಿದ. ಅಷ್ಟು ಒಪ್ಪವಾದ ಚೆಂಡನ್ನು ಅವನು ಹಿಂದೆಂದೂ ಮಾಡಿರಲಿಲ್ಲ. ಅದರ ಸುತ್ತ ಕೆಂಪು ಬಣ್ಣದಲ್ಲಿ ಗಾಳಿಯ ಹೊಳೆ ಎಳೆದು ಮೆರುಗೆಣ್ಣೆ ಹಚ್ಚಿದ. ಕೇಂದ್ರಕ್ಕೆ ಪತ್ರ ಬರೆದ. ಮಕ್ಕಳ ಕೋಣೆ ಸಿದ್ಧವಾಗಿದೆ, ನಾವೆಲ್ಲ ಅಕ್ಕ ಎನ್ನುತ್ತಿದ್ದ ನಿಮ್ಮ ತಂಗಿಯ ಹೆಸರನ್ನೇ ಇಡುತ್ತಿದ್ದೇವೆ, ತನ್ನಿ ಎಂದು ಉತ್ತರ ಬಂತು.

"ಅವಳಿದ್ದಾಗ ಒಂದು ದಿನ ಬಾ ಬಾ ಅಂತ ಬಾಯಿ ಬಡ್ಕೊಂಡ್ಲು. ಮಂಡಿ ನೋವು ಅಂದ್ರಿ," ಎಂದಳು ಹೆಂಡತಿ, ಭೂಮಿಗೆ ಹಳೆಯ ಕಂಬಳಿ ಸುತ್ತುತ್ತ. ಆಮೇಲೆ ತನ್ನ ಮಾತು ತನಗೇ ಚುಚ್ಚಿ, "ಮಂಡಿಗೆ ಎಣ್ಣೆ ಇಟ್ಟಿದೀನಿ," ಎಂದಳು.

ಎಪ್ಪತ್ತನೆಯ ವಯಸ್ಸಿನಲ್ಲಿ ಅವನು ಮೊದಲ ಸಲ ವಿಮಾನ ಹತ್ತಿದ. ತಪಾಸಣೆಯವನು ಕಂಬಳಿ ಬಿಚ್ಚಿಸಿ ಚೆಂಡಿನ ಮೇಲೆ ಬೆರಳಿನಿಂದ ಬಡಿದು, "ಭೂಮಿ ಒಳಗೆ ಏನಿದೆ ಅಜ್ಜಾ?" ಎಂದು ಕೇಳಿದ. "ಹಳೇ ಪೇಪರ್ರು," ಎಂದ ಗೋಳದಣ್ಣ. ತಲೆಯ ಮೇಲಿನ ಖಾನೆಯಲ್ಲಿ ಭೂಮಿ ಹಿಡಿಸಲಿಲ್ಲ. ಕೊನೆಗೆ ಪಕ್ಕದ ಖಾಲಿ ಸೀಟಿನಲ್ಲಿ ಕೂರಿಸಿ ಪಟ್ಟಿ ಬಿಗಿದರು. ಆಚೆ ಬದಿಯಲ್ಲಿದ್ದವಳು ಐವತ್ತರ ಆಸುಪಾಸಿನ ದರ್ಜಿ ಹೆಂಗಸು. ವರ್ಷಕ್ಕೊಮ್ಮೆ ಮಗಳ ಮನೆಗೆ ಹೋಗಿಬರುವವಳಂತೆ.

"ಏನ್ರೀ ಇದು, ಭೂಮಿಗೇ ಟಿಕೆಟ್ ತೆಗೆಸಿದೀರಲ್ಲ! ಕಿಟಕಿ ಪಕ್ಕ ಬೇಕು ಅನ್ನಲಿಲ್ವಾ ಅದು?"

ಗೋಳದಣ್ಣ ಎಷ್ಟೋ ದಿನದ ಮೇಲೆ ನಕ್ಕ. ಅವಳು ಮಾತುಗಾತಿ. ನಾಲ್ಕು ಗಂಟೆ ಕಳೆದರೂ ಕೆಳಗೆ ಮೋಡವೇ ಕಾಣುತ್ತಿದ್ದಾಗ ಗಡಿಯಾರ ನೋಡಿ ಗೊಣಗಿದಳು. "ಪ್ರತಿ ಸಲ ಇದೇ ಗೋಳು. ಬರುವಾಗ ಬೇಗ, ಹೋಗುವಾಗ ಮುಗಿಯೋದೇ ಇಲ್ಲ. ಭೂಮಿ ತಿರುಗುತ್ತಲ್ಲ, ಅದಕ್ಕೇ ಇರಬೇಕು ಅಲ್ವಾ? ನಿಮಗೆ ಗೊತ್ತಿರಬೇಕು, ಭೂಮಿನೇ ಜೊತೆಗಿಟ್ಟುಕೊಂಡು ಓಡಾಡೋರು."

"ಅಲ್ಲ ತಾಯಿ," ಎಂದ ಗೋಳದಣ್ಣ. "ಓಡೋ ಬಸ್ಸಲ್ಲಿ ನಿಂತಲ್ಲೇ ಎಗರಿದ್ರೆ ಹಿಂದಿನ ಸೀಟಿನವರ ಮಡಿಲಲ್ಲಿ ಬೀಳ್ತೀರಾ?"

"ಬಿದ್ದರೆ ಕಂಡಕ್ಟರ್ ಇಳಿಸಿಬಿಡ್ತಾನೆ."

"ಹಾಗೇ ಭೂಮಿ ಜೊತೆ ಗಾಳಿನೂ ತಿರುಗುತ್ತೆ, ನಾವೂ ತಿರುಗ್ತೀವಿ. ಕಾರಣ ಅದಲ್ಲ. ಇಲ್ಲಿ ಮೇಲೆ ಗಾಳಿಯ ಹೊಳೆ ಇದೆ. ಪಶ್ಚಿಮದಿಂದ ಪೂರ್ವಕ್ಕೆ. ಬರುವಾಗ ವಿಮಾನದವರು ಅದರೊಳಗೇ ಇಳಿದು ತೇಲಿಕೊಂಡು ಬರ್ತಾರೆ. ಹೋಗುವಾಗ ಆದಷ್ಟೂ ಅದನ್ನ ತಪ್ಪಿಸಿ ಬದಿಯಲ್ಲಿ ಹೋಗ್ತಾರೆ. ಆದ್ರೂ ಪೂರ್ತಿ ತಪ್ಪಿಸೋಕಾಗಲ್ಲ. ಅದು..." ಅವನ ಮಾತು ನಿಂತಿತು. ಇಪ್ಪತ್ತು ವರ್ಷ ಒಪ್ಪದೆ ಇದ್ದ ಮಾತು ಅವಳ ದನಿಯ ಏರಿಳಿತದ ಸಮೇತ ತನ್ನ ಬಾಯಿಂದ ಬರುತ್ತಿತ್ತು.

"ಅದು?"

"ಅದು ಬೇಡ ಬೇಡ ಅಂತ ತಡೆಯುತ್ತೆ."

ದರ್ಜಿ ಹೆಂಗಸು ಅವನ ಮುಖ ನೋಡಿದಳು. ತನ್ನ ಚೀಲದಿಂದ ಒಂದು ಹಣ್ಣು ತೆಗೆದು ಸುಲಿದು ಅರ್ಧ ಕೊಟ್ಟಳು. ಅವನು ತಿಂದ. ವಿಮಾನ ಗಾಳಿಗೆ ಎದುರಾಗಿ ಒಂದೇ ಸಮನೆ ಗುಂಯ್ಗುಡುತ್ತಿತ್ತು. ಎಷ್ಟು ಸಲ ಅವಳು ಹೀಗೆ ಒಬ್ಬಳೇ ಹಿಂದಿರುಗಿದಳೋ! ಕರೆದುಕೊಂಡು ಹೋಗಿ ನಿಲ್ದಾಣಕ್ಕೆ ಬಿಟ್ಟ ಅಣ್ಣ ಮನೆಗೆ ಬಂದು, ಉಂಡು, ಒಂದು ನಿದ್ದೆ ತೆಗೆದು ಎದ್ದ ಮೇಲೂ ಅವಳು ಇನ್ನೂ ಇಲ್ಲೇ, ಈ ಗಾಳಿಯಲ್ಲೇ ಇರುತ್ತಿದ್ದಳು.

ಹವಾಮಾನ ಕೇಂದ್ರ ಊರ ಹೊರಗೆ ಒಂದು ಬಯಲಿನಲ್ಲಿತ್ತು. ಬಿಳಿ ಸುಣ್ಣದ ಕಟ್ಟಡ, ಪಕ್ಕದಲ್ಲಿ ಎತ್ತರದ ಬಾಗಿಲಿನ ಬಲೂನು ಕೊಟ್ಟಿಗೆ. ಬಾಗಿಲಲ್ಲಿ ಕಾದಿದ್ದವಳು ತಂಗಿಯ ಕೈಕೆಳಗೆ ಹದಿನೈದು ವರ್ಷ ಕೆಲಸ ಕಲಿತವಳು. ಬಲೂನು ಬಿಡುವವಳು ಅವಳೇ ಆದ್ದರಿಂದ ಎಲ್ಲರೂ ಬಲೂನಕ್ಕ ಎನ್ನುತ್ತಿದ್ದರು. ಬಂದವಳೇ ಅವನ ಕೈಯಿಂದ ಭೂಮಿ ತೆಗೆದುಕೊಂಡಳು.

"ಬನ್ನಿ ಅಣ್ಣಾ. ನೀವು ಹೇಗಿದೀರಿ ಅಂತ ನೋಡದೇ ಇದ್ರೂ ನಿಮ್ಮ ಸಿಟ್ಟು, ನಿಮ್ಮ ಮಂಡಿನೋವು ಎಲ್ಲಾ ನಮಗೆ ಗೊತ್ತು."

ಮಕ್ಕಳ ಕೋಣೆಯಲ್ಲಿ ಮೋಟು ಮೇಜುಗಳು, ಗೋಡೆಗೆ ಮೋಡದ ಚಿತ್ರಗಳು, ನಡುವೆ ಒಂದು ಪೀಠ. ಅವನು ಕಂಬಳಿ ಬಿಚ್ಚಿ ಭೂಮಿಯನ್ನು ಪೀಠದ ಮೇಲಿಟ್ಟ. ಕಿಟಕಿಯ ಬಿಸಿಲಿಗೆ ಮೆರುಗು ಫಳಫಳ ಹೊಳೆಯಿತು. ಕೆಂಪು ಗೆರೆ ಭೂಮಿಯ ಸೊಂಟದ ಮೇಲ್ಭಾಗದಲ್ಲಿ ಉಡಿದಾರದ ಹಾಗೆ ಸುತ್ತಿಕೊಂಡಿತ್ತು.

ಬಲೂನಕ್ಕ ಸುತ್ತ ಬಂದು ನೋಡಿದಳು. "ಚೆನ್ನಾಗಿದೆ ಅಣ್ಣಾ," ಎಂದಳು. ಇನ್ನೊಂದು ಸುತ್ತು ಬಂದು ಮತ್ತೆ, "ತುಂಬಾ ಚೆನ್ನಾಗಿದೆ," ಎಂದಳು.

"ಎರಡು ಸಲ ಚೆನ್ನಾಗಿದೆ ಅಂದ್ರೆ ಎಲ್ಲೋ ಕೆಟ್ಟಿದೆ ಅಂತ ಅರ್ಥ. ನನ್ನ ಹೆಂಡತಿ ಮಾಡಿದ ಸಾರಿಗೆ ನಾನೂ ಹಾಗೇ ಹೇಳೋದು. ಏನು ತಪ್ಪಾಗಿದೆ, ಹೇಳಮ್ಮ."

"ತಪ್ಪಲ್ಲ..."

"ಅವಳಿದ್ದಿದ್ರೆ ಏನು ಅಂತಿದ್ಲು?"

ಬಲೂನಕ್ಕ ತಲೆ ತಗ್ಗಿಸಿದಳು. "ಅಕ್ಕ ನಕ್ಕುಬಿಡೋರು. ಗೆರೆ ನೇರ ಇದೆ ಅಣ್ಣಾ. ಹೊಳೆ ಯಾವತ್ತಾದ್ರೂ ಹೀಗೆ ಹರಿಯುತ್ತಾ? ಏರುತ್ತೆ, ಇಳಿಯುತ್ತೆ, ಕೊಂಕುತ್ತೆ. ಅಕ್ಕ ಮಕ್ಕಳಿಗೆ ಮೊದಲು ಹೇಳ್ತಿದ್ದ ಮಾತೇ ಅದು."

ಗೋಳದಣ್ಣ ಮೋಟು ಕುರ್ಚಿಯೊಂದರಲ್ಲಿ ಕೂತ. ಅವನಿಗೆ ಬರುತ್ತಿದ್ದ ಗೆರೆ ಒಂದೇ. ಕುಂಚ ಹಿಡಿದ ಕೈಯನ್ನು ಮರದ ತುಂಡಿಗೆ ಊರಿ, ಉಸಿರು ಕಟ್ಟಿ, ಎಡಗೈಯಿಂದ ಭೂಮಿಯನ್ನು ಒಂದು ಸುತ್ತು ತಿರುಗಿಸುವುದು. ಕೈ ಅಲ್ಲಾಡಬಾರದು, ಭೂಮಿ ತಿರುಗಬೇಕು. ಜೀವಮಾನವೆಲ್ಲ ಅಡ್ಡಗೆರೆಗಳನ್ನು ಎಳೆದದ್ದು ಹಾಗೆ. ತಂಗಿಯ ಗಾಳಿಯನ್ನೂ ಹಾಗೆಯೇ ಎಳೆದಿದ್ದ. ಅವಳ ಹೆಸರಿನ ಕೋಣೆಯಲ್ಲಿ, ಅವಳು ಬೇಡವೆಂದು ಮಕ್ಕಳಿಗೆ ಹೇಳುತ್ತಿದ್ದುದನ್ನೇ ತಂದು ಇಟ್ಟಿದ್ದ. ಬದುಕಿದ್ದಾಗ ಕೊಡಲಿಲ್ಲ, ಸತ್ತ ಮೇಲೆ ಕೊಟ್ಟದ್ದೂ ಸುಳ್ಳು.

"ಅಳಿಸ್ತೀನಿ," ಎಂದ. "ಕುಂಚ, ಬಣ್ಣ ಚೀಲದಲ್ಲಿದೆ. ಬಣ್ಣ ಕರಗಿಸೋ ಎಣ್ಣೆ ಒಂದಿಷ್ಟು ತರಿಸಿಕೊಡಮ್ಮ. ಆದ್ರೆ ಸರಿಯಾದ ಗೆರೆ ಯಾವುದು? ದಿನಾ ಬದಲಾಗುತ್ತಲ್ಲ."

ಬಲೂನಕ್ಕ ಅವನನ್ನು ಪಕ್ಕದ ಕೋಣೆಗೆ ಕರೆದುಕೊಂಡು ಹೋದಳು. ಗೋಡೆಯುದ್ದಕ್ಕೂ ಚಪ್ಪಟೆ ಖಾನೆಗಳು. ಒಂದೊಂದರಲ್ಲೂ ದಿನಕ್ಕೊಂದರಂತೆ ನಕ್ಷೆಗಳು, ಪೆನ್ಸಿಲಿನಲ್ಲಿ ಎಳೆದ ಗೆರೆಗಳು. "ಗೆರೆ ಎಳೆಯೋ ಯಂತ್ರ ಬಂದ ಮೇಲೂ ಅಕ್ಕ ಕೈಯಲ್ಲೇ ಎಳೀತಿದ್ರು. ಯಂತ್ರಕ್ಕೆ ಗಾಳಿ ಗೊತ್ತು, ನಾಚಿಕೆ ಗೊತ್ತಿಲ್ಲ, ಗೊತ್ತಿಲ್ಲದೇ ಇದ್ದ ಕಡೆಗೂ ಎಳೆದುಬಿಡುತ್ತೆ ಅನ್ನೋರು." ಮೇಲಿನ ಖಾನೆಯಿಂದ ಒಂದು ಹಾಳೆ ತೆಗೆದಳು. "ಇದು ನೋಡಿ, ಅಕ್ಕನ್ನ ಊರಿಗೆ ಕಳಿಸಿದ ದಿನದ್ದು. ಈ ವರ್ಷದಲ್ಲಿ ಮತ್ತೆಂದೂ ಅಷ್ಟು ಜೋರು ಗಾಳಿ ಬರಲಿಲ್ಲ. ಗೆರೆ ಮಾತ್ರ ಯಂತ್ರದ್ದು."

ಗೋಳದಣ್ಣ ಅದನ್ನು ಮುಟ್ಟಲಿಲ್ಲ. "ಅದು ಬೇಡಮ್ಮ. ಅವಳೇ ನಡ್ಕೊಂಡು ಬಂದ ದಿನದ್ದು ಬೇಕು. ಕೊನೇ ಸಲ."

ಹುಡುಕಲು ಅರ್ಧ ಗಂಟೆ ಹಿಡಿಯಿತು. ಸಿಕ್ಕಿದಾಗ ಬಲೂನಕ್ಕ ಹಾಳೆಯ ಧೂಳನ್ನು ಸೆರಗಿನಿಂದ ಒರೆಸಿದಳು. "ಆವತ್ತು ಬೆಳಿಗ್ಗೆ ಇಲ್ಲೇ ಕೂತು ಎಳೆದು ಹೊರಟಿದ್ದು. ವಿಮಾನಕ್ಕೆ ಹೊತ್ತಾಯ್ತು, ಏಳಿ ಅಕ್ಕ ಅಂತ ನಾನು ಬೈತಿದ್ದೆ. ನನ್ನನ್ನ ಹೊತ್ಕೊಂಡು ಹೋಗೋ ಗಾಳಿ ಹೇಗಿದೆ ಅಂತ ನಾನು ನೋಡಬೇಡ್ವೇನೇ ಅಂದ್ರು."

ಹಾಳೆಯ ಅಂಚಿನಲ್ಲಿ ಅವಳ ಸಣ್ಣ ಅಕ್ಷರದಲ್ಲಿ 'ಮೂರು ಐವತ್ತು' ಎಂದಿತ್ತು. ತನ್ನ ಪ್ರಯಾಣಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆಂದು ಅವಳೇ ಹಾಕಿಕೊಂಡ ಲೆಕ್ಕ. ಆ ದಿನ ಅವಳು ಬೇಗ ಬಂದಿದ್ದಳು. ಬಾಗಿಲು ತೆಗೆದವನು, "ಇಷ್ಟು ಬೇಗ ಯಾಕೆ ಬಂದೆ, ಇನ್ನೂ ಅಡುಗೆನೇ ಆಗಿಲ್ಲ," ಎಂದಿದ್ದ.

ಅವರು ನಕ್ಷೆಯನ್ನು ಮೋಟು ಮೇಜಿನ ಮೇಲೆ ಹರಡಿ ನಾಲ್ಕು ಮೂಲೆಗೆ ನಾಲ್ಕು ಭಾರ ಇಟ್ಟರು. ಗೋಳದಣ್ಣ ಹತ್ತಿಯನ್ನು ಎಣ್ಣೆಯಲ್ಲಿ ಅದ್ದಿ ಹಳೆಯ ಗೆರೆಯನ್ನು ಬೆರಳಗಲ ಬೆರಳಗಲವಾಗಿ ಉಜ್ಜಿದ. ಮಧ್ಯಾಹ್ನವೆಲ್ಲ ಅದೇ ಆಯಿತು. ಗೆರೆ ತೀರಾ ಹೋಗಲಿಲ್ಲ. ಒಂದು ನಸುಗೆಂಪು ನೆರಳು ಉಳಿಯಿತು. ಆಮೇಲೆ ಅವಳ ಗೆರೆ ಎಲ್ಲೆಲ್ಲಿ ಏರಿದೆ, ಎಲ್ಲೆಲ್ಲಿ ಇಳಿದಿದೆ ಎಂದು ನಕ್ಷೆಯ ಚೌಕಗಳನ್ನು ಎಣಿಸಿ ಭೂಮಿಯ ಮೇಲೆ ಪೆನ್ಸಿಲಿನ ಚುಕ್ಕಿ ಇಟ್ಟ. ಬಲೂನಕ್ಕ ನಡುವೆ ಹೋಗಿ ಒಂದು ಬಲೂನು ಬಿಟ್ಟು ಬಂದಳು.

"ಈಗ ಭೂಮಿ ತಿರುಗಬಾರದಮ್ಮ. ಗಟ್ಟಿಯಾಗಿ ಹಿಡ್ಕೋ. ನನ್ನ ಕೈ ಓಡಬೇಕು."

ಅವಳು ಎರಡೂ ಅಂಗೈಗಳ ನಡುವೆ ಭೂಮಿಯನ್ನು ಹಿಡಿದಳು. ಅವನು ಕಣ್ಣು ಮುಚ್ಚಿ ದೇವರನ್ನು ನೆನೆದು ಕುಂಚ ಇಟ್ಟ. ಊರಿ ನಿಲ್ಲಿಸಿದರೆ ಕಲ್ಲಿನಂತಿರುತ್ತಿದ್ದ ಕೈ, ಈಗ ಚುಕ್ಕಿಯಿಂದ ಚುಕ್ಕಿಗೆ ಓಡಿತು. ಗೆರೆ ಪಶ್ಚಿಮದ ಬೆಟ್ಟಗಳ ಮೇಲೆ ಏರಿ, ಈ ಊರಿನ ಪಕ್ಕದಲ್ಲಿ ಹಾದು, ಬಯಲಿನ ಮೇಲೆ ಕೆಳಕ್ಕೆ ಕೊಂಕಿ, ಮತ್ತೆ ಮೇಲೆದ್ದಿತು. ಅವಳ ಪೆನ್ಸಿಲು ಎಲ್ಲಿ ಅವಸರಪಟ್ಟಿದೆ, ಎಲ್ಲಿ ಯೋಚಿಸಿ ನಿಧಾನಿಸಿದೆ ಎಂಬುದು ನಕ್ಷೆಯಲ್ಲಿ ಕಾಣುತ್ತಿತ್ತು. ಅವಸರಪಟ್ಟ ಕಡೆ ಅವನೂ ಬೇಗ ಹೋದ, ನಿಧಾನಿಸಿದ ಕಡೆ ನಿಧಾನಿಸಿದ. ಚಿಕ್ಕಂದಿನಲ್ಲಿ ಅವಳ ಕೈ ಹಿಡಿದು ಅಕ್ಷರ ತಿದ್ದಿಸಿದವನು ಅವನು. ಈಗ ಅವಳು ತಿದ್ದಿಸುತ್ತಿದ್ದಳು. ಗೆರೆ ಅವನ ಊರಿನ ನೆತ್ತಿಯ ಮೇಲೆ ಹಾದು, ಕರಾವಳಿ ದಾಟಿ, ಸಮುದ್ರದ ಮೇಲೆ ಎರಡು ಬೆರಳಿನಷ್ಟು ಮುಂದೆ ಹೋಗಿ ಮುಗಿಯಿತು. ನಕ್ಷೆಯಲ್ಲಿ ಅಲ್ಲಿಗೇ ಮುಗಿದಿತ್ತು.

"ಸಮುದ್ರದಲ್ಲಿ ಬಲೂನು ಬಿಡೋರಿಲ್ಲ ಅಣ್ಣಾ. ಗೊತ್ತಿಲ್ಲದ ಕಡೆ ಅಕ್ಕ ಎಳೀತಿರಲಿಲ್ಲ. ಉಳಿದದ್ದು ಬೇಕಿದ್ರೆ ಯಂತ್ರದ ನಕ್ಷೆ ನೋಡಿ ಪೂರ್ತಿ ಮಾಡೋಣ."

ಗೋಳದಣ್ಣ ಬೇಡವೆಂದು ತಲೆಯಾಡಿಸಿದ. ಅರ್ಧಕ್ಕೆ ನಿಂತ ಗೆರೆಯ ಭೂಮಿ ಅವನ ಕೋಣೆಯಿಂದ ಎಂದೂ ಹೊರಗೆ ಹೋಗಿರಲಿಲ್ಲ. ಇದು ಹೀಗೇ ಇರಲಿ ಎಂದ. ಅಂದರೂ ಕುಂಚ ಎತ್ತಲು ಅವನಿಂದ ಆಗಲಿಲ್ಲ. ತುದಿ ಸಮುದ್ರದ ಮೇಲೆ ಊರಿಕೊಂಡೇ ಇತ್ತು. ಬಣ್ಣ ನಿಧಾನವಾಗಿ ಇಳಿದು ಅಲ್ಲೊಂದು ಕೆಂಪು ಹನಿ ದಪ್ಪಗಾಯಿತು.

"ಇನ್ನೊಂದು ಬೆರಳಗಲ ಎಳೆದಿದ್ರೆ ಅವಳ ಗಂಟೇನು ಹೋಗ್ತಿತ್ತು," ಎಂದ.

ಬಲೂನಕ್ಕ ಅಂಗೈಗಳನ್ನು ಅಲ್ಲಾಡಿಸದೆ, ಅವನ ಕೈ ತಾನಾಗಿ ಮೇಲೇಳುವ ತನಕ ಭೂಮಿಯನ್ನು ಹಿಡಿದೇ ಇದ್ದಳು.